ನರಸಿಂಹಪ್ಪನ ಛತ್ರದ ಬಿಸ್ಮಿಲ್ಲಾ ಬೀ

ಬಿಸ್ಮಿಲ್ಲಾ ಬೀ ತೀರಿಕೊಂಡ ಎರಡು ವಾರಕ್ಕೆ ಶಿಡ್ಲಘಟ್ಟದ ಪೇಟೆಯಲ್ಲಿ ಒಂದು ಸಂತಾಪ ಸಭೆ ನಡೆಯಿತು. ಮೈಕು ಹಿಡಿದ ಮಹಾನುಭಾವರೊಬ್ಬರು, ಪಾಪ, ದಿಕ್ಕಿಲ್ಲದ ಹೆಂಗಸು, ನಾಲ್ಕು ಜನರ ಕರುಣೆಯಲ್ಲಿ ಬದುಕಿ ಹೋದಳು ಎಂದು ಕಣ್ಣೊರೆಸಿಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು, ಸ್ವಾಮಿ, ತಾವು ಬೇರೆ ಯಾರದ್ದೋ ಸಭೆಗೆ ಬಂದುಬಿಟ್ಟಿದ್ದೀರಿ ಎಂದೆ. ಜನ ನಕ್ಕರು. ನನ್ನ ಹೆಂಡತಿ ಅಂಗಿ ಹಿಡಿದೆಳೆದು ಕೂರಿಸಿದಳು. ಅಲ್ಲಿ ಹೇಳಲು ಬಿಡಲಿಲ್ಲವಲ್ಲ, ಇಲ್ಲಿ ಹೇಳುತ್ತೇನೆ. ಇಲ್ಲಿ ಅಂಗಿ ಎಳೆಯುವವರು ಯಾರೂ ಇಲ್ಲ.

ನನ್ನ ಹೆಸರು ಚನ್ನಕೇಶವ. ತಾಲ್ಲೂಕು ಕಚೇರಿ ಮುಂದಿನ ಹೊಂಗೆಮರದ ಕೆಳಗೆ ಒಂದು ಮಡಚುವ ಮೇಜು, ಒಂದು ಹಳೆಯ ಟೈಪ್‌ರೈಟರು ಇಟ್ಟುಕೊಂಡು ಜನರಿಗೆ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಅರ್ಜಿ ಎಂದರೆ ಅಳು ಎಂದೇ ನಾನು ತಿಳಿದಿದ್ದೆ. ಯಾರು ಬಂದು ಏನು ಕೇಳಿದರೂ ಬೆರಳು ತಾನಾಗಿ, 'ತೀರಾ ಬಡವನೂ ದಿಕ್ಕುದೆಸೆಯಿಲ್ಲದವನೂ ಆದ ನಾನು ತಮ್ಮಲ್ಲಿ ಕೈಮುಗಿದು ಬೇಡಿಕೊಳ್ಳುವುದೇನೆಂದರೆ' ಎಂದು ಕುಟ್ಟಿಬಿಡುತ್ತಿತ್ತು. ಇಪ್ಪತ್ತು ಎಕರೆ ದ್ರಾಕ್ಷಿ ತೋಟದವನು ಪಂಪ್‌ಸೆಟ್ಟಿಗೆ ಕರೆಂಟು ಕೇಳಲು ಬಂದರೂ ಅವನನ್ನು ಬಡವ ಮಾಡಿಯೇ ಕಳಿಸುತ್ತಿದ್ದೆ. ಅಧಿಕಾರಿಗಳಿಗೂ ಅದು ಹಿತವಾಗಿತ್ತು, ನನಗೂ ಹೊಟ್ಟೆ ತುಂಬುತ್ತಿತ್ತು.

೧೯೮೭ರ ಆಗಸ್ಟಿನಲ್ಲಿ ಬಿಸ್ಮಿಲ್ಲಾ ಬೀ ನನ್ನ ಮೇಜಿನ ಮುಂದೆ ಬಂದು ನಿಂತಳು. ಕ್ಷೌರದಂಗಡಿಯಲ್ಲಿ ಯಾರೋ ಪೇಪರು ಗಟ್ಟಿಯಾಗಿ ಓದುತ್ತಿದ್ದುದು ಆಕೆಯ ಕಿವಿಗೆ ಬಿದ್ದಿತ್ತು. ಮನೆಯಿಲ್ಲದ ವಯಸ್ಸಾದವರಿಗಾಗಿ ಊರಲ್ಲಿರುವ ಹಳೆಯ ಸರ್ಕಾರಿ ಕಟ್ಟಡಗಳನ್ನು ದುರಸ್ತಿ ಮಾಡಿಕೊಡಲು ಸರ್ಕಾರ ಹಣ ಕೊಡುತ್ತದಂತೆ. ಬರೀ ರಾತ್ರಿ ಮಲಗಿ ಎದ್ದುಹೋಗುವ ಜಾಗವಲ್ಲ. ಒಬ್ಬೊಬ್ಬರಿಗೂ ಮಂಚ, ಎಲ್ಲರಿಗೂ ಸೇರಿ ಒಂದು ಅಡುಗೆಮನೆ, ನೋಡಿಕೊಳ್ಳಲು ಒಬ್ಬ ಮನುಷ್ಯ, ವಾರಕ್ಕೊಮ್ಮೆ ನರ್ಸು. ಒಂದು ಅರ್ಜಿ ಆಗಬೇಕು ಎಂದಳು. ನಾನು ಎಂದಿನಂತೆ ಟೈಪು ಮಾಡಿ ಓದಿ ಹೇಳಿದೆ. ಆಕೆ ಕೊನೆಯವರೆಗೂ ಕೇಳಿಸಿಕೊಂಡು, ಈ ಹೆಂಗಸು ಯಾರು ಎಂದಳು. ನೀನೇ ಅಲ್ಲವೇ ಎಂದೆ. ನಾನಲ್ಲ ಎಂದಳು.

"ಬೇಡಿಕೊಳ್ತೀನಿ ಅನ್ನೋದು ತೆಗಿಯಪ್ಪ. ಕೇಳ್ತೀನಿ ಅಂತ ಹಾಕು."

ಅಧಿಕಾರಿಗಳಿಗೆ ಹಾಗೆಲ್ಲ ಬರೆಯಬಾರದು ಎಂದು ನಾನು ಬುದ್ಧಿ ಹೇಳಿದೆ. ಬೇಡಿಕೊಳ್ಳುವವರೇ ಬೇಕೆಂದರೆ ಬೇರೆಯವರನ್ನು ಹುಡುಕಿಕೊಳ್ಳಲಿ, ಊರಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂದಳು. ದಿಕ್ಕುದೆಸೆ ಹೋಯಿತು. ಕೈಮುಗಿಯುವುದು ಹೋಯಿತು. ಪಾದಾರವಿಂದ ಅಂತೂ ಮೊದಲೇ ಹೋಯಿತು. ಒಂದೂವರೆ ಪುಟದ ಅರ್ಜಿಯಲ್ಲಿ ಕೊನೆಗೆ ಉಳಿದದ್ದು ನಾಲ್ಕು ಸಾಲು: ನರಸಿಂಹಪ್ಪನವರ ಛತ್ರ ಖಾಲಿ ಇದೆ. ಅದರ ಜಗಲಿಯ ಮೇಲೆ ನಾವು ಹತ್ತೊಂಬತ್ತು ಜನ ಇದ್ದೇವೆ. ದುರಸ್ತಿಗೆ ಸರ್ಕಾರದ ಹಣ ಇದೆ. ಆ ಹಣವನ್ನು ಈ ಛತ್ರಕ್ಕೆ ಹಾಕಬೇಕೆಂದು ಕೇಳುತ್ತೇವೆ. ಇಂಥ ಬೋಳು ಅರ್ಜಿಯನ್ನು ನನ್ನ ಕೈಯಾರೆ ಕಳಿಸಲು ನನಗೇ ನಾಚಿಕೆಯಾಯಿತು.

ಆಕೆ ಎಲ್ಲಿಂದ ಬಂದವಳು ಎನ್ನುವುದನ್ನು ಇಷ್ಟರಲ್ಲೇ ಹೇಳಿಬಿಡಬೇಕು. ತಂದೆ ಶಿಡ್ಲಘಟ್ಟದಲ್ಲಿ ಜಟಕಾ ಓಡಿಸುತ್ತಿದ್ದ. ಹದಿನೈದಕ್ಕೆ ಚಿಂತಾಮಣಿಗೆ ಮದುವೆ ಮಾಡಿಕೊಟ್ಟರು, ಹತ್ತೊಂಬತ್ತಕ್ಕೆ ಗಂಡ ಸತ್ತ, ಮಕ್ಕಳಿರಲಿಲ್ಲ, ಬಸ್ಸು ಹತ್ತಿ ವಾಪಸು ಬಂದಳು. ಅಂದಿನಿಂದ ಮೂವತ್ತೈದು ವರ್ಷ ಕರೀಂ ಸಾಬರ ರೇಷ್ಮೆ ಶೆಡ್ಡಿನಲ್ಲಿ ಕೆಲಸ. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಬರಿಗೈ ಅದ್ದಿ ಎಳೆಯ ತುದಿ ಹುಡುಕಿ ತೆಗೆಯಬೇಕು. ದಿನಕ್ಕೆ ಹತ್ತು ಗಂಟೆ. ಹಾಗೆ ಬಿಚ್ಚಿದ ರೇಷ್ಮೆ ಎಲ್ಲೆಲ್ಲಿ ಯಾರು ಯಾರ ಮದುವೆಗೆ ಹೋಯಿತೋ, ಆಕೆಯ ಬೆರಳು ಮಾತ್ರ ಬೆಂದು ಬಿಳಿಚಿಕೊಂಡು ಗೆರೆಯೆಲ್ಲ ಅಳಿಸಿಹೋಗಿತ್ತು. ಸಂಜೆ ಒಲೆ ಆರಿದ ಮೇಲೆ ಅದೇ ಶೆಡ್ಡಿನ ಮೂಲೆಯಲ್ಲಿ ಮಲಗುವುದು. ಕರೀಂ ಸಾಬರು ಕೆಟ್ಟವರಲ್ಲ. ಆದರೆ ಅವರು ಶೆಡ್ಡು ಮಾರಿದ ದಿನ ಆಕೆಯ ಮನೆಯೂ ಅದರ ಜೊತೆಗೆ ಮಾರಿಹೋಯಿತು ಎನ್ನುವುದು ಅವರಿಗೆ ಹೊಳೆಯಲಿಲ್ಲ. ಅದು ೧೯೮೩. ಹೊಸ ಯಜಮಾನನಿಗೆ ಸಣ್ಣ ವಯಸ್ಸಿನ ಬೆರಳು ಬೇಕಾಗಿತ್ತು.

ಗೌರಿಬಿದನೂರಿನಲ್ಲಿ ಅಣ್ಣನ ಮಗ ಇದ್ದ. ಬಾ ಅತ್ತೆ ಎಂದು ಕರೆದುಕೊಂಡು ಹೋದ. ಹನ್ನೊಂದು ದಿನ ಇದ್ದಳು. ಹನ್ನೊಂದನೆಯ ದಿನ ಪಕ್ಕದ ಮನೆಯವರು ಬಂದಾಗ ಅವನ ಹೆಂಡತಿ, ಇವರಿಗೆ ಯಾರೂ ಇಲ್ಲ, ನಾವೇ ಇಟ್ಟುಕೊಂಡಿದ್ದೀವಿ ಎಂದಳಂತೆ. ಇವಳು ಒಳಗೆ ಹೋಗಿ ಸೀರೆ ಗಂಟು ಕಟ್ಟಿಕೊಂಡು ಬಂದು, ಊಟ ಚೆನ್ನಾಗಿತ್ತು ಕಣಮ್ಮ ಎಂದು ಹೇಳಿ ಬಸ್‌ಸ್ಟ್ಯಾಂಡಿಗೆ ನಡೆದಳು. ಅಣ್ಣನ ಮಗ ಹಿಂದೆ ಓಡಿ ಬಂದು ಎಷ್ಟು ಕರೆದರೂ ತಿರುಗಲಿಲ್ಲ. ಇಳಿದದ್ದು ಶಿಡ್ಲಘಟ್ಟದಲ್ಲಿ, ಹೋಗಿ ಕೂತದ್ದು ನರಸಿಂಹಪ್ಪನ ಛತ್ರದ ಜಗಲಿಯಲ್ಲಿ.

ಈ ನರಸಿಂಹಪ್ಪ ಎನ್ನುವವನು ನಮ್ಮಜ್ಜನ ಕಾಲದ ಜಮೀನಿನ ಕುಳ. ದಾರಿಹೋಕರು ತಂಗಲಿ ಎಂದು ಹದಿನಾಲ್ಕು ಕೋಣೆ, ನಡುವೆ ತೊಟ್ಟಿ, ಹಿಂದೆ ಬಾವಿ, ಮುಂದೆ ಉದ್ದಕ್ಕೆ ಕಲ್ಲಿನ ಜಗಲಿ ಕಟ್ಟಿಸಿ ಸರ್ಕಾರಕ್ಕೆ ಒಪ್ಪಿಸಿ ಸತ್ತ. ಸರ್ಕಾರ ಅದನ್ನು ರೇಷನ್ ಗೋಡೌನು ಮಾಡಿತು. ಹೆಂಚು ಸೋರಿ ಗೋಧಿ ಮೊಳೆತ ಮೇಲೆ ಗೋಡೌನನ್ನು ಬೇರೆ ಕಡೆಗೆ ಸಾಗಿಸಿ ಬೀಗ ಜಡಿಯಿತು. ದಾರಿಹೋಕರಿಗೆ ಕಟ್ಟಿಸಿದ ಮನೆಯ ಒಳಗೆ ಹೆಗ್ಗಣ, ಹೊರಗೆ ಮನುಷ್ಯರು. ನಗರಗೆರೆ ಕಡೆಯಿಂದ ಬಂದ ಕದಿರಮ್ಮ ಇದ್ದಳು, ಮದುವೆ ಮನೆಗಳಲ್ಲಿ ಅಡುಗೆಗೆ ಹೋಗುತ್ತಿದ್ದವಳು, ಹೊಗೆ ಕುಡಿದು ಕುಡಿದು ಎದೆ ಹಾಳಾಗಿತ್ತು. ರಾಮಾಂಜಿನಪ್ಪ ಇದ್ದ, ಗೂಡಿನ ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಸೊಂಟ ಬಿದ್ದವನು. ಉಳಿದವರದ್ದೂ ಹೆಚ್ಚುಕಡಿಮೆ ಇದೇ ಕತೆ. ಊರಿನ ದುಡಿಮೆಯೆಲ್ಲ ಮಾಡಿ ಮುಗಿಸಿದ ಜನ.

ಆ ಜಗಲಿಗೆ ಬಿಸ್ಮಿಲ್ಲಾ ಬೀಯ ಕಾಯಿದೆ ಇತ್ತು. ಬೆಳಗ್ಗೆ ಎದ್ದ ಕೂಡಲೇ ಹಾಸಿದ್ದನ್ನು ಸುತ್ತಿಡಬೇಕು. ಸರದಿ ಪ್ರಕಾರ ಗುಡಿಸಬೇಕು. ಅಲ್ಲಿ ಕೂತು ಯಾರೂ ಕೈಚಾಚಬಾರದು. ಕೈಲಾದವರು ರೇಷ್ಮೆಯವರ ಮನೆಗಳಿಂದ ಕೆಟ್ಟ ಗೂಡು ತಂದು ಆರಿಸಿಕೊಡುತ್ತಿದ್ದರು, ಕೈಲಾಗದವರು ಆರಿಸುವವರಿಗೆ ಗಂಜಿ ಕಾಯಿಸುತ್ತಿದ್ದರು. ಗುಡಿಸದೆ ಬೀಡಿ ಸೇದುತ್ತ ಕೂತ ರಾಮಾಂಜಿನಪ್ಪನಿಗೆ ಆಕೆ ಬೈಯುತ್ತಿದ್ದುದು ಎರಡು ಬೀದಿ ಆಚೆಗೂ ಕೇಳುತ್ತಿತ್ತು. ಆದರೆ ಕದಿರಮ್ಮನ ಕೆಮ್ಮಿನ ಮುಂದೆ ಆಕೆಯ ಜೋರು ನಡೆಯುತ್ತಿರಲಿಲ್ಲ. ನಮ್ಮೂರಿನ ಡಿಸೆಂಬರಿನ ಚಳಿ ಗೊತ್ತಿದ್ದವರಿಗೆ ಗೊತ್ತು. ಕಲ್ಲು ಜಗಲಿ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಇನ್ನು ಒಂದೆರಡು ಚಳಿಗಾಲವನ್ನು ಈಕೆ ಹೊರಗೆ ತಡೆಯುವುದಿಲ್ಲ ಎಂದು ಆಸ್ಪತ್ರೆಯ ಡಾಕ್ಟರು ಬಿಸ್ಮಿಲ್ಲಾ ಬೀಗೆ ನೇರವಾಗಿ ಹೇಳಿದ್ದರು. ಆ ನಾಲ್ಕು ಸಾಲಿನ ಅರ್ಜಿ ಬರೆಸಲು ಆಕೆ ಬಂದದ್ದು ಅದರ ಮಾರನೆಯ ದಿನ.

ಆ ಬೋಳು ಅರ್ಜಿಗೆ ಉತ್ತರ ಬಂದುಬಿಟ್ಟಿತು. ಛತ್ರಕ್ಕೆ ಹಣ ಸಿಗಬಹುದು. ಆದರೆ ಅಲ್ಲಿರುವವರು ನಿಜವಾಗಿ ಮನೆಯಿಲ್ಲದವರೇ ಎಂದು ನೋಡಲು ಅಕ್ಟೋಬರಿನಲ್ಲಿ ಒಬ್ಬ ಅಧಿಕಾರಿ ಬರುತ್ತಾರೆ ಎಂದು ಕಾಗದ. ಅದನ್ನು ಓದಿ ಹೇಳಿದವನು ನಾನೇ. ಓದಿ ಸುಮ್ಮನಿರಬೇಕಾಗಿತ್ತು. ದೊಡ್ಡವರು ಬರುತ್ತಾರೆ, ಸ್ವಲ್ಪ ಚೊಕ್ಕಟವಾಗಿಟ್ಟುಕೊಳ್ಳಿ ಎಂದೆ. ನನ್ನ ಬಾಯಿಗೆ ಬೀಗ ಹಾಕಬೇಕು.

ಎರಡು ದಿನ ಆ ಜಗಲಿಯಲ್ಲಿ ನಡೆದದ್ದು ಮದುವೆ ಮನೆಯ ಕೆಲಸ. ಬಾವಿ ನೀರು ಸೇದಿ ಸೇದಿ ಕಲ್ಲು ಉಜ್ಜಿದರು. ಮುಂದಿನ ನೆಲಕ್ಕೆ ಸಗಣಿ ಸಾರಿಸಿದರು. ಕದಿರಮ್ಮ ಕೆಮ್ಮುತ್ತಲೇ ಕೂತು ಹದಿನೈದು ಚುಕ್ಕಿಯ ರಂಗೋಲಿ ಇಟ್ಟಳು. ಬಿಸ್ಮಿಲ್ಲಾ ಬೀ ಶಾಮಿಯಾನದ ಅಂಗಡಿಯಿಂದ ಎರಡು ಕುರ್ಚಿ, ಕರೀಂ ಸಾಬರ ಮನೆಯಿಂದ ಹೂವಿನ ಚಿತ್ರದ ಪಿಂಗಾಣಿ ಕಪ್ಪು, ಇಸ್ತ್ರಿ ಅಂಗಡಿಯವನಿಂದ ಒಂದು ಗಂಟೆಯ ಮಟ್ಟಿಗೆ ಇಸ್ತ್ರಿಪೆಟ್ಟಿಗೆ ತಂದಳು. ಹತ್ತೊಂಬತ್ತು ಜನವೂ ತಮ್ಮ ಗಂಟಿನ ತಳದಲ್ಲಿ ಜೋಪಾನವಾಗಿಟ್ಟಿದ್ದ ಒಳ್ಳೆಯ ಬಟ್ಟೆ ಉಟ್ಟು ಸಾಲಾಗಿ ಕೂತರು. ನಾನು ನೋಡಿ ಖುಷಿಪಟ್ಟೆ. ಮೂರ್ಖ.

ಬಂದ ಅಧಿಕಾರಿಯ ಹೆಸರು ವೆಂಕಟರವಣಪ್ಪ. ಕೋಲಾರದ ಕಡೆಯವರು, ತಗ್ಗಿದ ದನಿ, ಕಂಡದ್ದನ್ನು ಕಂಡಂತೆ ಬರೆದುಕೊಳ್ಳುವ ಸ್ವಭಾವ. ಕುರ್ಚಿಯಲ್ಲಿ ಕೂರಿಸಿ ಏಲಕ್ಕಿ ಹಾಕಿದ ಟೀ ಕೊಟ್ಟರು, ತಟ್ಟೆಯಲ್ಲಿ ಬಿಸ್ಕತ್ತು. ಅವರು ಒಬ್ಬೊಬ್ಬರನ್ನೇ, ಹೇಗಿದ್ದೀರಿ, ಏನಾದರೂ ತೊಂದರೆ ಇದೆಯೇ ಎಂದು ಕೇಳುತ್ತ ಬಂದರು. ಮನೆ ಬಾಗಿಲಿಗೆ ಬಂದ ನೆಂಟರು ಹೇಗಿದ್ದೀರಿ ಎಂದರೆ ನಮ್ಮ ಕಡೆ ಏನು ಹೇಳುತ್ತಾರೆ? ಚೆನ್ನಾಗಿದ್ದೀವಿ ಎನ್ನುತ್ತಾರೆ. ಟೀ ಕುಡಿಯುತ್ತಿರುವವರ ಮುಂದೆ ಗೋಳು ಹೇಳಿಕೊಳ್ಳುವುದು ಮರ್ಯಾದೆಯೇ? ದೇವರು ಚೆನ್ನಾಗಿಟ್ಟಿದ್ದಾನೆ ಸಾರ್ ಎಂದಳು ಒಬ್ಬಳು. ನಮಗೇನು ಕಮ್ಮಿ ಎಂದ ರಾಮಾಂಜಿನಪ್ಪ, ಸೊಂಟ ನೆಟ್ಟಗೆ ಮಾಡಿಕೊಂಡು. ಕದಿರಮ್ಮ ಆ ಅರ್ಧ ಗಂಟೆ ಪೂರ್ತಿ ಸೆರಗನ್ನು ಬಾಯಿಗೊತ್ತಿ ಕೆಮ್ಮು ತಡೆದುಕೊಂಡಳು. ಬಿಸ್ಮಿಲ್ಲಾ ಬೀ ಕೂಡ, ಇನ್ನೊಂದು ಬಿಸ್ಕತ್ತು ತಗೊಳ್ಳಿ ಎಂದಳೇ ಹೊರತು ಬೇರೆ ಮಾತೇ ಆಡಲಿಲ್ಲ.

ನವೆಂಬರಿನಲ್ಲಿ ವರದಿಯ ನಕಲು ಬಂತು. 'ಸದರಿ ಸ್ಥಳದಲ್ಲಿ ವಾಸವಿರುವವರು ಅನುಕೂಲಸ್ಥರಂತೆ ತೋರುತ್ತಾರೆ. ತಮಗೆ ಯಾವ ತೊಂದರೆಯೂ ಇಲ್ಲವೆಂದು ಅವರೇ ತಿಳಿಸಿರುತ್ತಾರೆ. ನಿರ್ಗತಿಕರು ಕಂಡುಬರಲಿಲ್ಲ.' ನಾನು ಓದಿ ಮುಗಿಸಿದೆ. ಆಮೇಲೆ ಕದಿರಮ್ಮ, ಪೋನೀಲೇ ಅಕ್ಕಾ, ಹೋದರೆ ಹೋಗಲಿ ಬಿಡು ಎಂದು ತೆಲುಗು ಕನ್ನಡ ಬೆರೆಸಿ ಸಮಾಧಾನ ಹೇಳಲು ಹೋಗಿ ಕೆಮ್ಮು ಹತ್ತಿ ಅಲ್ಲೇ ಒರಗಿಕೊಂಡಳು. ಆ ಚಳಿಗಾಲ ಬಿಸ್ಮಿಲ್ಲಾ ಬೀ ತನ್ನ ಕಂಬಳಿಯನ್ನೂ ಆಕೆಗೇ ಹೊದಿಸಿ ತಾನು ಗೋಣಿಚೀಲ ಹೊದ್ದಳು. ಡಾಕ್ಟರು ಹೇಳಿದ ಎರಡು ಚಳಿಗಾಲದಲ್ಲಿ ಒಂದು ಹಾಗೆ ಕಳೆಯಿತು.

ನಾನು ಸುಮ್ಮನೆ ಕೂರುವ ಆಸಾಮಿಯಲ್ಲ. ಮೇಲಿನವರಿಗೆ, ಅದರ ಮೇಲಿನವರಿಗೆ, ಅವರ ಮೇಲಿನವರಿಗೆ ಬರೆದೆ. ಛತ್ರ ಕೆಡವಿದರೆ ಅಂಗಡಿ ಸಾಲು ಎಬ್ಬಿಸಬಹುದು ಎಂದು ಕಣ್ಣಿಟ್ಟಿದ್ದ ಕೆಲವರು ನನ್ನನ್ನು ಕಂಡು ಹಲ್ಲು ಕಡಿದರು. ಕಡಿಯಲಿ, ಹಲ್ಲು ಅವರದ್ದೇ. ಅಂತೂ ಫೆಬ್ರವರಿಗೆ ಎರಡನೆಯ ತಪಾಸಣೆ ಎಂದಾಯಿತು. ಮಾರ್ಚ್ ಮುಗಿಯುವುದರೊಳಗೆ ಕೆಲಸ ಶುರುವಾಗದಿದ್ದರೆ ಹಣ ವಾಪಸು, ಇದೇ ಕೊನೆಯ ಅವಕಾಶ ಎಂದೂ ಬರೆದಿದ್ದರು.

ಈ ಸಲ ಊರೆಲ್ಲ ಬುದ್ಧಿ ಹೇಳಿತು. ಹರಿದದ್ದು ಉಡಿ, ತಲೆ ಕೆದರಿಕೊಳ್ಳಿ, ಎರಡು ದಿನ ಗುಡಿಸಬೇಡಿ. ನಾನೂ ಅದನ್ನೇ ಹೇಳಿದೆ, ಇಲ್ಲ ಎನ್ನುವುದಿಲ್ಲ. ಕದಿರಮ್ಮನನ್ನು ಮುಂದೆ ಮಲಗಿಸಿ ಎಂದೂ ಹೇಳಿದೆ. ಜಗಲಿಯವರಲ್ಲಿ ಅರ್ಧ ಜನ ಒಪ್ಪಿದ್ದರು. ಬಿಸ್ಮಿಲ್ಲಾ ಬೀ ಮಾತ್ರ ಆಗುವುದಿಲ್ಲ ಎಂದಳು. ನನಗೆ ತಲೆ ಕೆಟ್ಟುಹೋಯಿತು. ನಿನ್ನ ಜಂಬಕ್ಕೆ ಕದಿರಮ್ಮ ಸಾಯುತ್ತಾಳೆ, ಆಗ ಹೋಗಿ ಅವಳ ಸಮಾಧಿ ಮುಂದೆ ಗುಡಿಸಿ ರಂಗೋಲಿ ಹಾಕು ಎಂದು ಬಾಯಿಗೆ ಬಂದಂತೆ ಅಂದುಬಿಟ್ಟೆ. ಆಕೆಯ ಮುಖ ಬಿಳಿಚಿಕೊಂಡಿತು. ಅಷ್ಟು ವರ್ಷದಲ್ಲಿ ಆಕೆಯ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಅದನ್ನು ತರಿಸಿದವನು ನಾನು ಎಂದು ಇವತ್ತಿಗೂ ನನಗೆ ನಾಚಿಕೆ.

ಕದಿರಮ್ಮನೇ ಎದ್ದು ಕೂತು, ನಾನು ಬೇಕಾದರೆ ಅಳುತ್ತೇನಕ್ಕ, ನನಗೇನು ಕಷ್ಟವಿಲ್ಲ ಎಂದಳು.

"ಅಳು ಬಂದ್ರೆ ಅಳೇ, ಯಾರು ಬೇಡ ಅಂದ್ರು" ಎಂದಳು ಬಿಸ್ಮಿಲ್ಲಾ ಬೀ. "ಬರದೆ ಇರೋದನ್ನ ತರಿಸ್ಕೋಬೇಡ. ಇವತ್ತು ಅವರ ಮುಂದೆ ಅತ್ತು ಒಳಗೆ ಹೋದ್ರೆ, ಒಳಗಿರೋ ಗಂಟ ದಿನಾ ಅಳಬೇಕಾಯ್ತದೆ."

ಫೆಬ್ರವರಿಯಲ್ಲಿ ವೆಂಕಟರವಣಪ್ಪನವರು ಎರಡನೆಯ ಸಲ ಬಂದಾಗ ಜಗಲಿ ಹಿಂದಿನ ಸಲಕ್ಕಿಂತ ಚೊಕ್ಕಟವಾಗಿತ್ತು. ಸಾರಿಸಿದ ನೆಲ, ರಂಗೋಲಿ, ಇಸ್ತ್ರಿ ಸೀರೆ, ಹೂವಿನ ಕಪ್ಪು. ನಾನು ತಲೆಯ ಮೇಲೆ ಕೈಹೊತ್ತು ಕೂತೆ. ಅಧಿಕಾರಿಯೂ ನೋಡಿ ನಕ್ಕುಬಿಟ್ಟರು. ಇಷ್ಟು ಚೆನ್ನಾಗಿಟ್ಟುಕೊಂಡಿರುವವರನ್ನು ಮನೆಯಿಲ್ಲದವರು ಎಂದು ಹೇಗಮ್ಮ ಬರೆಯಲಿ ಎಂದರು.

"ಮನೆ ಇಲ್ಲ ಅಂದ್ರೆ ಪೊರಕೆ ಹಿಡಿಯೋಕೂ ಬರಲ್ಲ ಅಂತ ಯಾರು ಹೇಳಿದ್ದು ಸಾರ್?" ಎಂದಳು ಬಿಸ್ಮಿಲ್ಲಾ ಬೀ. ಅವರು ಟೀ ಮುಗಿಸುವವರೆಗೆ ಕಾದಳು. ಕಪ್ಪು ಈಸಿಕೊಂಡಳು. "ಇಲ್ಲೀಗಂಟ ನೀವು ನೆಂಟರು. ಇನ್ನು ಮೇಲೆ ಆಫೀಸರು. ಈಗ ಕೇಳಿ, ಏನು ತೊಂದರೆ ಅಂತ."

ಅವರು ಕೇಳಿದರು. ಆಕೆ ಅವರನ್ನು ಕಿಟಕಿಯ ಬಳಿಗೆ ಕರೆದುಕೊಂಡು ಹೋಗಿ, ಒಡೆದ ಗಾಜಿನ ಸಂದಿಯಿಂದ ಒಳಗೆ ನೋಡಿ ತೊಟ್ಟಿಯ ಸುತ್ತಲಿನ ಕೋಣೆ ಎಣಿಸಿ ಎಂದಳು. ಅವರು ಮುಖ ಒತ್ತಿ ಎಣಿಸಿ ಹದಿನಾಲ್ಕು ಎಂದರು. ಇತ್ತ ತಿರುಗಿ ಜನ ಎಣಿಸಿ ಎಂದಳು. ಹತ್ತೊಂಬತ್ತು. ಇಷ್ಟು ಹೊತ್ತಿಗೆ ಕದಿರಮ್ಮನಿಗೆ ಕೆಮ್ಮು ಹತ್ತಿತ್ತು. ಈ ಸಲ ತಡೆದುಕೊಳ್ಳುವ ಶಕ್ತಿ ಅವಳಲ್ಲಿರಲಿಲ್ಲ. ಅದು ಬಹಳ ಹೊತ್ತು ನಿಲ್ಲಲಿಲ್ಲ.

"ಒಳಗೆ ಖಾಲಿ ಐತೆ, ಹೊರಗೆ ಜನ ಅವ್ರೆ" ಎಂದಳು ಬಿಸ್ಮಿಲ್ಲಾ ಬೀ. "ಇಷ್ಟೇ ಸಾರ್ ನಮ್ಮ ತೊಂದರೆ. ನಾವು ದುಡಿದೋರು, ನಿಮ್ಮ ಹತ್ರ ಭಿಕ್ಷೆಗೆ ಬಂದಿಲ್ಲ. ಊರಿನ ದುಡ್ಡು, ಊರಿನ ಛತ್ರ, ಊರಿನ ಜನ. ಹಿಂಗೇ ಬರ್ಕೊಳ್ಳಿ."

ಅವರು ನಿಂತಲ್ಲೇ ನಿಂತು ಬರೆದುಕೊಂಡರು. ಹೋಗುವಾಗ ನನ್ನ ಕಡೆ ನೋಡಿ, ಹೋದ ಸಲ ನಾನು ಕೇಳಬೇಕಾದ್ದನ್ನು ಕೇಳಲಿಲ್ಲ ಎಂದಷ್ಟೇ ಅಂದರು. ಮಾರ್ಚ್ ಇಪ್ಪತ್ತಾರಕ್ಕೆ ಛತ್ರದ ಮುಂದೆ ಮೊದಲ ಲೋಡು ಮರಳು ಬಂದು ಬಿತ್ತು. ನಾನು ಹೊಂಗೆಮರದಡಿಯಿಂದ ಚಪ್ಪಲಿ ಕೂಡ ಹಾಕಿಕೊಳ್ಳದೆ ಓಡಿಹೋಗಿ ನೋಡಿದೆ.

ಗಾರೆ ಕೆಲಸದ ಮೇಸ್ತ್ರಿ ಜಿಯಾವುಲ್ಲಾ ನಮ್ಮೂರಿನವನೇ, ಬಿಸ್ಮಿಲ್ಲಾ ಬೀಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದ. ಏಳು ತಿಂಗಳಲ್ಲಿ ಅವನು ಆ ಖಾಲಾನ ಕೈಯಲ್ಲಿ ತಿಂದ ಬೈಗುಳ ಅಷ್ಟಿಷ್ಟಲ್ಲ. ಸುಣ್ಣ ತೆಳ್ಳಗಾಯಿತು, ಹೆಂಚು ಸೊಟ್ಟಗಾಯಿತು, ಕಾಲಿಲ್ಲದವರು ಈ ಮೆಟ್ಟಿಲು ಹೇಗೆ ಹತ್ತಬೇಕು, ಇಳಿಜಾರು ಮಾಡು. ಅವನು ಮಾಡಿದ. ರಾಮಾಂಜಿನಪ್ಪ ಕೂತಲ್ಲೇ ಮರಳು ಜರಡಿ ಹಿಡಿದ. ಹೆಂಗಸರು ಗೋಡೆಗೆ ನೀರು ಹಾಕಿದರು. ಅಕ್ಟೋಬರಿನ ಹೊತ್ತಿಗೆ ಹದಿನಾಲ್ಕು ಕೋಣೆಗೂ ಬಿಳಿ ಸುಣ್ಣ, ಹೊಸ ಹೆಂಚು, ಇಪ್ಪತ್ತೆರಡು ಕಬ್ಬಿಣದ ಮಂಚ, ನಲ್ಲಿಯಲ್ಲಿ ನೀರು. ಎಲ್ಲ ಮುಗಿದ ದಿನ ಕಚೇರಿಯ ಜವಾನ ಬಂದು ಮುಂಬಾಗಿಲಿಗೆ ಒಂದು ಹೊಸ ಬೀಗ ಹಾಕಿಕೊಂಡು ಹೋದ. ಉದ್ಘಾಟನೆ ಆಗುವವರೆಗೆ ಒಳಗೆ ಬಿಡುವ ಹಾಗಿಲ್ಲವಂತೆ.

ಉದ್ಘಾಟನೆಗೆ ಬರಬೇಕಾದ ದೊಡ್ಡ ಮನುಷ್ಯರಿಗೆ ಪುರುಸೊತ್ತಿರಲಿಲ್ಲ. ನವೆಂಬರ್ ಹತ್ತು ಎಂದರು. ಆಮೇಲೆ ಇಪ್ಪತ್ತನಾಲ್ಕು ಎಂದರು. ಆಮೇಲೆ ಡಿಸೆಂಬರಿನ ಮೊದಲ ವಾರ. ಮಾವಿನ ತೋರಣ ಮೂರು ಸಲ ಕಟ್ಟಿದ್ದು ಮೂರು ಸಲ ಒಣಗಿತು. ಒಳಗೆ ಹೊಸ ಮಂಚಗಳ ಮೇಲೆ ಧೂಳು ಕೂರುತ್ತಿತ್ತು, ಹೊರಗೆ ಅದೇ ಕಲ್ಲಿನ ಮೇಲೆ ಅದೇ ಜನ. ಸಂಕ್ರಾಂತಿ ಕಳೆದ ಮೇಲೆ ನೋಡೋಣ ಎಂಬ ಸುದ್ದಿ ಬಂದ ದಿನ ಕದಿರಮ್ಮ ಕೆಮ್ಮಿದಾಗ ಸೆರಗಿನಲ್ಲಿ ರಕ್ತ ಕಂಡಿತು. ಇದು ಡಾಕ್ಟರು ಹೇಳಿದ ಎರಡನೆಯ ಚಳಿಗಾಲ. ಈ ಹೊತ್ತಿಗೆ ಇಡೀ ಊರಿಗೇ ಕೋಪ ಬಂದಿತ್ತು, ಆದರೆ ನಮ್ಮೂರಿನವರ ಕೋಪ ಟೀ ಅಂಗಡಿಯ ಬೆಂಚು ಬಿಟ್ಟು ಏಳುವುದಿಲ್ಲ.

ಬಿಸ್ಮಿಲ್ಲಾ ಬೀ ನನ್ನ ಮೇಜಿಗೆ ಬಂದಳು. ಬೇಗ ದಿನಾಂಕ ಕೊಡಿ ಎಂದು ಒಂದು ಅರ್ಜಿ ಹಾಕೋಣ ಎಂದು ನಾನು ಕಾಗದ ಏರಿಸಿದೆ. ಅರ್ಜಿ ಬೇಡ, ತಿಳಿಸುವ ಕಾಗದ ಬರಿ ಎಂದಳು. ನಾಳೆ ಬೆಳಗ್ಗೆ ಹತ್ತು ಗಂಟೆಗೆ ನಾವು ಹತ್ತೊಂಬತ್ತು ಜನ ಛತ್ರದ ಒಳಗೆ ಹೋಗುತ್ತೇವೆ, ತಮಗೆ ತಿಳಿದಿರಲಿ. ಇದಿಷ್ಟೇ. ಇದಕ್ಕೆ ಜೈಲಾಗಬಹುದು ಎಂದೆ. ಜೈಲಿಗೂ ಸೂರು ಇರುತ್ತದಲ್ಲ ಎಂದಳು. ಆಕೆ ಹೆಬ್ಬೆಟ್ಟು ಒತ್ತಿದಳು. ನಾನು ಕೆಳಗೆ, ಬರೆದವರು ಚನ್ನಕೇಶವ ಎಂದು ಪೂರ್ತಿ ಹೆಸರು ಹಾಕಿದೆ. ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ.

ಜಿಯಾವುಲ್ಲಾ ತನಗೆ ತಿಳಿದ ಉಪಾಯ ಹೇಳಿದ. ಸುಣ್ಣ ಇನ್ನೂ ಒಣಗಬೇಕು, ಗಾಳಿಯಾಡಲಿ ಎಂದು ನೆಪ ಹೇಳಿ ಹಿಂಬಾಗಿಲು ತೆಗೆದಿಟ್ಟಿರುತ್ತೇನೆ ಖಾಲಾ, ಕತ್ತಲಾದ ಮೇಲೆ ಮೆಲ್ಲಗೆ ಸೇರಿಕೊಳ್ಳಿ, ಯಾರಿಗೂ ಗೊತ್ತಾಗುವುದಿಲ್ಲ ಎಂದ. ಯಾರಿಗೂ ಗೊತ್ತಾಗದಂತೆ ಹೋಗುವುದಾದರೆ ಕಾಗದ ಯಾಕೆ ಬರೆಸುತ್ತಿದ್ದೆ ಎಂದಳು ಆಕೆ. ಮಾರನೆಯ ದಿನ ಬೆಳಗ್ಗೆ ಹತ್ತು ಗಂಟೆಗೆ, ಗ್ರಾಮೀಣ ಬಸ್ಸುಗಳೆಲ್ಲ ಬಂದು ಪೇಟೆ ತುಂಬಿದ ಹೊತ್ತಿಗೆ, ಜಿಯಾವುಲ್ಲಾ ಮುಂಬಾಗಿಲಿನ ಬೀಗದ ಕೊಂಡಿಯ ನಾಲ್ಕು ಸ್ಕ್ರೂ ಬಿಚ್ಚಿದ. ಬೀಗ ಒಡೆಯಲಿಲ್ಲ. ಬೀಗ, ಕೊಂಡಿ, ನಾಲ್ಕು ಸ್ಕ್ರೂ, ಎಲ್ಲವನ್ನೂ ಟವೆಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟು, ಸರ್ಕಾರದ ಮಾಲು, ಕಚೇರಿಗೆ ಒಪ್ಪಿಸಿ ರಸೀದಿ ತಗೊಳ್ಳಿ ಎಂದ. ಮೊದಲು ಕದಿರಮ್ಮನನ್ನು ಇಬ್ಬರು ಹಿಡಿದುಕೊಂಡು ಒಳಗೆ ಕರೆದೊಯ್ದರು. ಹಿಂದೆ ಒಬ್ಬೊಬ್ಬರಾಗಿ ಉಳಿದವರು. ಕೊನೆಯವಳು ಬಿಸ್ಮಿಲ್ಲಾ ಬೀ. ಟೀ ಅಂಗಡಿಯ ಬೆಂಚುಗಳೆಲ್ಲ ಖಾಲಿಯಾಗಿ ಜನ ರಸ್ತೆಯ ಮೇಲೆ ನಿಂತು ನೋಡಿದರು.

ಎರಡು ದಿನ ಏನೂ ಆಗಲಿಲ್ಲ. ಮೂರನೆಯ ದಿನ ಬೆಳಗ್ಗೆ ಆರಕ್ಕೆ ನನ್ನ ಮನೆ ಮುಂದೆ ಜೀಪು ಬಂದು ನಿಂತಿತು. ವೆಂಕಟರವಣಪ್ಪನವರು, ಜೊತೆಗೆ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್. ಎಲ್ಲರನ್ನೂ ಹೊರಗೆ ಕಳಿಸಿ ಕಟ್ಟಡಕ್ಕೆ ಸೀಲು ಹಾಕಿ ಬರಬೇಕೆಂದು ಮೇಲಿನವರ ಹುಕುಂ. ಜನ ಸೇರುವ ಮುಂಚೆ ಮುಗಿಸಬೇಕು ಎಂದು ಇಷ್ಟು ಬೇಗ ಬಂದಿದ್ದರು. ಕಾಗದ ಬರೆದವನು ನೀನು, ನೀನೇ ಬಂದು ಹೇಳು ಎಂದು ನನ್ನನ್ನೂ ಹತ್ತಿಸಿಕೊಂಡರು. ಅವರ ಮುಖ ನೋಡಿದರೆ ರಾತ್ರಿ ನಿದ್ದೆ ಮಾಡಿದವರಂತೆ ಕಾಣಲಿಲ್ಲ.

ಜಗಲಿ ಖಾಲಿಯಾಗಿತ್ತು. ಐದು ವರ್ಷದಲ್ಲಿ ನಾನು ಅದನ್ನು ಹಾಗೆ ನೋಡಿದ್ದೇ ಇಲ್ಲ. ಬಾಗಿಲು ಒಳಗಿನಿಂದ ಚಿಲಕ ಹಾಕಿತ್ತು. ವೆಂಕಟರವಣಪ್ಪನವರು ಬೆರಳು ಮಡಚಿ ಮೂರು ಸಲ ತಟ್ಟಿದರು.

"ಯಾರದು?" ಎಂದಿತು ಒಳಗಿನಿಂದ ಬಿಸ್ಮಿಲ್ಲಾ ಬೀಯ ದನಿ.

ಅಧಿಕಾರಿ ಕೈ ಕೆಳಗಿಳಿಸಿದರು. ನಾನೂ ನನ್ನ ಜನ್ಮದಲ್ಲಿ ಸಾವಿರ ಸಲ, ಉಣ್ಣುತ್ತಲೋ ಮಲಗಿದ್ದಲ್ಲಿಂದಲೋ, ನನ್ನ ಮನೆಯ ಬಾಗಿಲಿಗೆ ಯಾರದು ಎಂದು ಕೂಗಿದವನೇ. ಶೆಡ್ಡಿನಲ್ಲಿ ಮಲಗಿದವಳಿಗೆ, ಅಣ್ಣನ ಮಗನ ಮನೆಯಲ್ಲಿದ್ದವಳಿಗೆ, ಜಗಲಿಯ ಮೇಲೆ ಇದ್ದವಳಿಗೆ ಹಾಗೆ ಕೇಳುವ ಹಕ್ಕು ಒಂದು ದಿನವೂ ಇರಲಿಲ್ಲ. ಯಾರು ಬೇಕಾದರೂ ಬರುತ್ತಿದ್ದರು, ಏಳು ಎನ್ನುತ್ತಿದ್ದರು. ನಾನು ಕಾನ್‌ಸ್ಟೇಬಲ್ ಮುಂದೆಯೇ ಅತ್ತುಬಿಟ್ಟೆ.

"ನಾನಮ್ಮ. ವೆಂಕಟರವಣಪ್ಪ" ಎಂದರು ಅವರು, ತಮ್ಮ ಹುದ್ದೆ ಹೇಳದೆ.

"ಜನ ಇನ್ನೂ ಮಲಗವ್ರೆ ಸಾರ್. ಕದಿರಮ್ಮನಿಗೆ ಈಗ ನಿದ್ದೆ ಹತ್ತೈತೆ. ಒಂಬತ್ತಕ್ಕೆ ಬನ್ನಿ."

ಕಾನ್‌ಸ್ಟೇಬಲ್ ಲಾಠಿ ಎತ್ತಿ ಬಾಗಿಲಿಗೆ ಬಡಿಯಲು ಹೋದ. ವೆಂಕಟರವಣಪ್ಪನವರು ಅವನ ಕೈ ಹಿಡಿದು ಕೆಳಗಿಳಿಸಿದರು. ಸೀಲು ಮಾಡುವ ಅರಗಿನ ಡಬ್ಬಿಯನ್ನು ಜೀಪಿನೊಳಗೆ ಇಟ್ಟು ಬರಲು ಹೇಳಿದರು. ಆಮೇಲೆ ಚಪ್ಪಲಿ ಬಿಟ್ಟು, ಆ ತಣ್ಣಗಿನ ಕಲ್ಲು ಜಗಲಿಯ ಮೇಲೆ ಕಾಲು ಮುದುರಿಕೊಂಡು ಕೂತು, ಒಂಬತ್ತು ಗಂಟೆಯವರೆಗೆ ಕಾದರು.